ಮುರಿದ ಧಕ್ಕೆಗೆ ಕೇಳಿದ ಅಪ್ಪಣೆ

“ಗುರುಗಳೇ, ಮಾಡುವ ಕೆಲಸ ಒಳ್ಳೆಯದು, ದುಡಿಯುವ ಕೈ ನಮ್ಮದು. ಹಾಗಿದ್ದ ಮೇಲೆ ಇನ್ನೊಬ್ಬರ ಬಾಗಿಲಲ್ಲಿ ನಿಂತು ಅಪ್ಪಣೆ ಏಕೆ ಕೇಳಬೇಕು?” ಎಂದು ಶಿಷ್ಯ ಕೇಳಿದ. ಕೆರೆಯ ಮೆಟ್ಟಿಲು ಸರಿಪಡಿಸಲು ಹೊರಟಿದ್ದವನನ್ನು ಗುರುಗಳು, ಊರವರನ್ನು ಕೇಳಿ ಬಾ ಎಂದು ತಡೆದಿದ್ದರು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಸಮುದ್ರ ಸೇರುವ ಹೊಳೆಯೊಂದರ ದಡದಲ್ಲಿ ಒಬ್ಬ ಬಡಗಿಯಿದ್ದ. ಕೈಗೆಲಸ ಅಚ್ಚುಕಟ್ಟು, ಆದರೆ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆ ಊರಿನಲ್ಲಿ ದೋಣಿಗಳು ಬಂದು ನಿಲ್ಲಲು ಮರದ ಧಕ್ಕೆಯೊಂದಿತ್ತು. ಬಿರುಗಾಳಿಯೊಂದಕ್ಕೆ ಸಿಕ್ಕಿ ಅದು ಮುರಿದುಬಿತ್ತು. ಅಂದಿನಿಂದ ದೋಣಿ ಇಳಿದವರೆಲ್ಲ ಸೊಂಟದ ತನಕ ಕೆಸರಿನಲ್ಲಿ ಹೂತು ದಡ ಸೇರಬೇಕಾಯಿತು. ಬಡಗಿಯ ತುಂಬು ಬಸುರಿ ಮಗಳು ತವರಿಗೆ ಬಂದಿಳಿದಾಗ ಜಾರಿ ಬಿದ್ದಳು. ಅವಳು ಬದುಕಿದಳು, ಮಗು ಉಳಿಯಲಿಲ್ಲ.

ಬಡಗಿ ಅಳುತ್ತ ಕೂರಲಿಲ್ಲ. ಊರಿನ ಯುವಕರನ್ನು ಸೇರಿಸಿದ. ಕೂಲಿ ಬೇಡ, ನಾವೇ ಕಟ್ಟೋಣ ಎಂದು ಎಲ್ಲರೂ ಒಪ್ಪಿದರು. ಮರ ಬಂತು, ಉಳಿ ಮಸೆದದ್ದಾಯಿತು. ಆಗ ಹಿರಿಯರು ಅಡ್ಡ ಬಂದರು. ಅಪ್ಪಣೆಯಿಲ್ಲದೆ ಹೊಳೆಯಲ್ಲಿ ಕಂಬ ನೆಟ್ಟರೆ ನಾಳೆ ಅಧಿಕಾರಿಯ ಆಳುಗಳು ಕಿತ್ತು ಹಾಕುತ್ತಾರೆ ಎಂದರು. ಬಡಗಿ ಹಲ್ಲು ಕಚ್ಚಿಕೊಂಡು ಹೊಳೆಯ ಉಸ್ತುವಾರಿ ನೋಡುವ ಆ ಅಧಿಕಾರಿಯ ಬಳಿಗೆ ಹೋದ.

“ಆ ಧಕ್ಕೆಗೆ ಎರಡೂ ದಡದ ದೋಣಿಗಳು ಬರುತ್ತವೆ. ಎದುರು ದಡದವರು ಒಪ್ಪಿದರೆ ನನ್ನ ಅಡ್ಡಿಯಿಲ್ಲ,” ಎಂದ ಅಧಿಕಾರಿ.

ಅದು ಆಗದ ಮಾತೆಂದು ಅಧಿಕಾರಿಗೆ ಗೊತ್ತಿತ್ತು. ಬಲೆ ಬೀಸುವ ಜಾಗಕ್ಕಾಗಿ ಅಜ್ಜಂದಿರ ಕಾಲದಲ್ಲಿ ಹೊಡೆದಾಡಿಕೊಂಡ ಊರುಗಳು ಅವು. ಎದುರು ದಡದವರು ಈಚೆಯ ಸಂತೆಗೆ ಬರುತ್ತಿದ್ದರು, ಸರಕು ಮಾರಿ, ಬೇರೊಂದು ಮಾತಾಡದೆ ಹಿಂದಿರುಗುತ್ತಿದ್ದರು.

ಬಡಗಿಗೆ ಮೈಯೆಲ್ಲ ಉರಿಯಿತು. ಆದರೂ ಮಗಳ ಮುಖ ನೆನೆದು ದೋಣಿ ಹತ್ತಿದ. ಎದುರೂರಿನ ಯಜಮಾನನ ಅಂಗಳದಲ್ಲಿ ಹೋಗಿ ನಿಂತ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಜಗಲಿಯ ಮೇಲೆ ಯಜಮಾನನ ಪಕ್ಕದಲ್ಲಿ ಅವನ ಹೆಂಡತಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

“ಕಾಲಿಗೆ ಏನಾಯಿತು, ತಾಯಿ?”

“ನಿಮ್ಮ ದಡದ ಕೆಸರಿನಲ್ಲಿ ಬಿದ್ದೆ,” ಎಂದಳು ಆಕೆ.

ಬಡಗಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಅವನು ಯಜಮಾನನ ಕಡೆ ತಿರುಗಿ ಕೈ ಮುಗಿದ.

“ಯಜಮಾನರೇ, ಅದೇ ಕೆಸರು ನನ್ನ ಮೊಮ್ಮಗುವನ್ನು ತಿಂದಿತು. ನಿಮ್ಮವರೂ ಅಲ್ಲಿ ಬೀಳುತ್ತಾರೆಂದು ನನಗೆ ಇವತ್ತಿನ ತನಕ ಹೊಳೆದಿರಲಿಲ್ಲ. ಧಕ್ಕೆ ಕಟ್ಟಲು ಒಪ್ಪಿಗೆ ಕೊಡಿ.”

ಯಜಮಾನ ಹೆಂಡತಿಯ ಕಾಲಿನ ಕಡೆ ನೋಡಿದ. ಆಮೇಲೆ ಎದ್ದು ಹೆಗಲಿಗೆ ವಲ್ಲಿ ಹಾಕಿಕೊಂಡ.

“ಬರೀ ಒಪ್ಪಿಗೆ ಕೊಟ್ಟು ನಾವು ಮನೆಯಲ್ಲಿ ಕೂರುವುದೇ? ನಡೆ, ನಾವೂ ಬರುತ್ತೇವೆ.”

ಇಬ್ಬರೂ ಒಂದೇ ದೋಣಿಯಲ್ಲಿ ಬಂದು ಅಧಿಕಾರಿಯ ಮುಂದೆ ನಿಂತರು. ಅವನಿಗೆ ಬೇರೆ ನೆಪ ಉಳಿದಿರಲಿಲ್ಲ. ಅಪ್ಪಣೆ ಕೊಟ್ಟ.

ಮರುದಿನ ಹೊಳೆಯ ನೀರು ಇಳಿಯುತ್ತಲೇ ಆಚೆಯ ದೋಣಿಗಳು ಸಾಲಾಗಿ ಬಂದವು. ದೊಡ್ಡ ಕಂಬ ಎತ್ತಲು ಈಚೆಯವರ ಬಲ ಸಾಲದೆ ಹೋದಾಗ ಆಚೆಯವರು ಹಗ್ಗಕ್ಕೆ ಕೈ ಕೊಟ್ಟರು. ಮೊದಲ ದಿನ ಅವರವರು ಬೇರೆ ಬೇರೆ ಕೂತು ಉಂಡರು. ಬರಬರುತ್ತ ಯಾರು ಯಾವ ದಡದವರೆಂದು ಹೇಳುವುದೇ ಕಷ್ಟವಾಯಿತು. ಮಳೆಗಾಲಕ್ಕೆ ಮೊದಲೇ ಕೊನೆಯ ಹಲಗೆಗೆ ಮೊಳೆ ಬಿತ್ತು. ಗಟ್ಟಿಯಿದೆಯೋ ಇಲ್ಲವೋ ನೋಡೋಣವೆಂದು ಎರಡೂ ಊರಿನವರು ಒಟ್ಟಿಗೆ ಅದರ ಮೇಲೆ ಹತ್ತಿ ಕುಣಿದರು. ಧಕ್ಕೆ ಅಲುಗಲಿಲ್ಲ. ಜನರ ಕೇಕೆ ಹೊಳೆಯ ಮೇಲೆಲ್ಲ ಕೇಳಿಸಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಬಡಗಿ.

ಗುರುಗಳು ಕತೆ ನಿಲ್ಲಿಸಿದರು.

“ಅಪ್ಪಣೆ ಕೇಳದೆಯೂ ಅವನು ಧಕ್ಕೆ ಕಟ್ಟಬಹುದಿತ್ತಲ್ಲ, ಗುರುಗಳೇ?” ಎಂದ ಶಿಷ್ಯ.

“ಕಟ್ಟಬಹುದಿತ್ತು, ಎದುರು ದಡ ಮಾತ್ರ ಇದ್ದಷ್ಟೇ ದೂರ ಇರುತ್ತಿತ್ತು.”

ಶಿಷ್ಯ ಎದ್ದು ಊರವರನ್ನು ಕೇಳಲು ಹೊರಟ.