ಬಾಳವ್ವನ ಪದ, ಕಲ್ಲಿನಾಥನ ಅಪ್ಲಿಕೇಶನ್

ಕೃಷ್ಣೆಯ ದಂಡೆಯ ಮೇಲೆ ಒಂದು ಮಠ. ಮಠ ಎಂದ ಕೂಡಲೇ ದೊಡ್ಡದನ್ನು ಊಹಿಸಿಕೊಳ್ಳಬೇಡಿ. ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಬೇವಿನ ಮರ, ಒಂದು ಹಳೆಯ ಕಂಪ್ಯೂಟರ್.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಸಿದವರೂ ಅವರೇ.

"ಇದನ್ನ ಯಾಕ ಹಾಕಿಸೀರಿ ಅಜ್ಜಾರ?" ಎಂದು ಯಾರಾದರೂ ಕೇಳಿದರೆ ಉತ್ತರ ತಯಾರಿತ್ತು.

"ದಾಸೋಹ ಇದ್ದಂಗ ಐತಿ. ಯಾರೋ ಮಾಡ್ತಾರ, ಎಲ್ಲಾರೂ ಉಣ್ತಾರ. ಉಪ್ಪು ಕಡಿಮಿ ಅನಿಸಿದ್ರ ಒಳಗ ಹೋಗಿ ನೀವ ಹಾಕ್ರಿ."

ಕಲ್ಲಿನಾಥ ಅಲ್ಲಿಯ ಶಿಷ್ಯ. ಒಳ್ಳೆಯ ಮನುಷ್ಯ, ಬೆರಳು ಚುರುಕು. ಒಂದೇ ಕಷ್ಟವೆಂದರೆ, ಗುರುಗಳು ಹೇಳದೆ ಹುಲ್ಲುಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ.

ಒಂದು ದಿನ ಅಜ್ಜಾರು ಅವನನ್ನು ಕರೆದರು.

"ಬಾಳವ್ವನ ತಲ್ಯಾಗಿನ ಪದಾ ಎಲ್ಲಾ ಬರದಿಡು."

ಬಾಳವ್ವ ತತ್ವಪದ ಹಾಡುವ ಮುದುಕಿ. ಅವಳ ಗುರುವಿನಿಂದ ಅವಳಿಗೆ ಬಂದ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ರೆಕಾರ್ಡ್ ಮಾಡಿ ಧ್ವನಿ ಹಿಡಿದಿಡುವುದು ಅವರ ಪರಂಪರೆಗೆ ಒಗ್ಗದ ಮಾತು. ಒಬ್ಬರು ಹಾಡಬೇಕು, ಎದುರು ಕೂತವರು ಬರೆದುಕೊಳ್ಳಬೇಕು. ಈಚೆಗೆ ಅವಳಿಗೆ ಮರೆವು ಹತ್ತಿತ್ತು. ಉಂಡದ್ದನ್ನು ಮರೆತು ಮತ್ತೆ ತಟ್ಟೆ ಹಿಡಿದು ಬರುತ್ತಿದ್ದಳು. ಪದಗಳು ಇನ್ನೂ ಉಳಿದಿದ್ದವು, ಎಷ್ಟು ದಿನ ಎಂದು ಯಾರಿಗೂ ಗೊತ್ತಿರಲಿಲ್ಲ.

"ಯಾವುದ್ರಾಗ ಬರೀಲ್ರಿ ಅಜ್ಜಾರ?"

"ಕಂಪ್ಯೂಟರಿನ್ಯಾಗ."

"ಅದು ಗೊತ್ತಾತ್ರಿ. ಅದರಾಗ ಯಾವ ಅಪ್ಲಿಕೇಶನ್ನಿನ್ಯಾಗ?"

ಅಜ್ಜಾರು ಹೊಳೆಯ ಕಡೆ ನೋಡಿದರು. "ಇಷ್ಟ ಆದದ್ರಾಗ."

ಕಲ್ಲಿನಾಥನ ತಲೆ ಕೆಟ್ಟದ್ದು ಅಲ್ಲಿಂದ.

ಯಾರಿಗೆ ಇಷ್ಟವಾದದ್ದು? ತನಗೋ, ಅಜ್ಜಾರಿಗೋ? ಗುರುಗಳು ಸುಮ್ಮನೆ ಆಡುವ ಮಾತೇ ಅದು? ಕಿವಿಯಲ್ಲಿ ಮಂತ್ರ ಹೇಳಿ ಕೊಡುವ ಹಾಗೆ ತನಗೆಂದೇ ಇರುವ ಅಪ್ಲಿಕೇಶನ್ ಒಂದು ಎಲ್ಲೋ ಇದೆ, ಅದನ್ನು ಕಂಡುಕೊಂಡ ಮೇಲೆಯೇ ಕೆಲಸ ಶುರು ಮಾಡಬೇಕು ಎಂದು ಅವನು ತಿಳಿದ. ಹೀಗೆ ತಿಳಿಯಬೇಕಾದರೆ ಮಠದ ಶಿಷ್ಯನೇ ಆಗಿರಬೇಕು, ಬಿಡಿ.

ಮೊದಲು ಲಿಬ್ರೆ ಆಫೀಸ್ ತೆರೆದ. ಅಕ್ಷರ ಎಷ್ಟು ದಪ್ಪ ಇರಲಿ, ಅಂಚು ಎಷ್ಟು ಬಿಡಲಿ, ಶೀರ್ಷಿಕೆ ಕಾವಿ ಬಣ್ಣದಲ್ಲಿ ಬರಲೋ ಕಪ್ಪಿನಲ್ಲಿ ಬರಲೋ ಎನ್ನುವುದರಲ್ಲಿ ಮಧ್ಯಾಹ್ನವಾಯಿತು. ಬಾಳವ್ವ ಬಂದು ಬಾಗಿಲ ಬಳಿ ಕೂತಳು.

"ಹಾಡ್ಲೇನೋ ತಮ್ಮಾ?"

"ತಡಿ ಬೇ ಯವ್ವಾ, ಇನ್ನೂ ಅಣಿ ಮಾಡಾಕತ್ತೀನಿ."

ಅವಳು ಕೂತಲ್ಲೇ ತೂಕಡಿಸಿ ಎದ್ದು ಹೋದಳು.

ಮರುದಿನ ಕಲ್ಲಿನಾಥನಿಗೆ ಇದು ಬಹಳ ದೊಡ್ಡ ಸಂಸಾರವಾಯಿತು ಎನಿಸಿತು. ಮಠದಲ್ಲಿರುವವನಿಗೆ ಇಷ್ಟೆಲ್ಲ ಗುಂಡಿ, ಮೆನು ಯಾತಕ್ಕೆ? ಬರೆಯುವುದಕ್ಕೇ ಇರುವ ವಿಮ್ ಎಂಬ ಇನ್ನೊಂದು ಅಪ್ಲಿಕೇಶನ್ ಹಾಕಿಕೊಂಡ. ಅದರಲ್ಲಿ ಏನೂ ಇರಲಿಲ್ಲ, ಬರೀ ಕಪ್ಪು ಪರದೆ. ಸಂತೋಷದಿಂದ ಒಳಗೆ ಹೋದ. ಹೊರಗೆ ಬರುವ ದಾರಿ ಮಾತ್ರ ತಿಳಿಯಲಿಲ್ಲ. ಕಂಡ ಕೀಲಿಯನ್ನೆಲ್ಲ ಒತ್ತಿದ. ಒತ್ತಿದಷ್ಟೂ ಒಳಗೇ ಉಳಿದ. ಕೊನೆಗೆ ಬೆವರೊರೆಸಿಕೊಳ್ಳುತ್ತ ಪಡಸಾಲೆಗೆ ಓಡಿದ.

"ಅಜ್ಜಾರ, ಒಳಗ ಸಿಕ್ಕೊಂಡೀನ್ರಿ. ಹೊರಗ ಹೆಂಗ ಬರ್ಲಿ?"

ಅಜ್ಜಾರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೊರಗ ಅದಿಯಲ್ಲ."

ಅರ್ಥವಾಗಲಿಲ್ಲ. ಅರ್ಥವಾದವನಂತೆ ತಲೆಯಾಡಿಸಿ ಬಂದು ಕಂಪ್ಯೂಟರಿನ ವೈರನ್ನೇ ಕಿತ್ತ.

ಸುತ್ತಿ ಬಳಸಿ ಹೋಗುವುದು ಬೇಡ, ನೇರವಾಗಿ ಕೇಳಿಬಿಡೋಣ ಎಂದುಕೊಂಡ.

"ನಿಮಗ ಯಾವ ಅಪ್ಲಿಕೇಶನ್ ಭಾಳ ಇಷ್ಟರಿ?"

"ಇಸ್ಪೀಟು," ಎಂದರು ಅಜ್ಜಾರು.

ಕಲ್ಲಿನಾಥ ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ಪೀಟು ಆಡಲು ಕೂತ. ನಗಬೇಡಿ, ಅಷ್ಟು ಭಕ್ತಿಯಿಂದ ಇಸ್ಪೀಟು ಆಡಿದವರು ಮತ್ತೊಬ್ಬರು ಇರಲಾರರು. ಮಧ್ಯಾಹ್ನ ಬಾಳವ್ವ ಬಂದಳು.

"ಹಾಡ್ಲೇನೋ ತಮ್ಮಾ?"

"ಈಗ ಬ್ಯಾಡ ಬೇ. ಗುರುಗಳ ಅಪ್ಪಣಿ ಐತಿ."

ಸಂಜೆ ಅಜ್ಜಾರ ಮುಂದೆ ಕೈಕಟ್ಟಿ ನಿಂತ. "ಆಡಿದ್ನಿರಿ."

"ಏನ್ ಕಂಡಿ?"

"ರಾಜನ ಮ್ಯಾಲ ರಾಣಿ ಕೂಡ್ತಾಳ್ರಿ. ಕರೀದ್ರ ಮ್ಯಾಲ ಕೆಂಪು ಕೂಡ್ತೈತ್ರಿ. ಇದರ ಅರ್ಥ ಏನ್ರಿ?"

"ಅದು ಇಸ್ಪೀಟು."

"ಅಷ್ಟ ಏನ್ರಿ?"

"ಅಷ್ಟ."

"ಮತ್ತ ನಿಮಗ ಅದು ಭಾಳ ಇಷ್ಟ ಅಂದ್ರಿ?"

"ಇಲ್ಲಪಾ. ನನಗ ಗಡಿಯಾರ ಇಷ್ಟ."

"ಮುಂಜಾನಿ ಇಸ್ಪೀಟು ಅಂದಿದ್ರಿ!"

"ಮುಂಜಾನಿ ಕೇಳಿದಿ."

ಕಲ್ಲಿನಾಥ ಗಡಿಯಾರದ ಅಪ್ಲಿಕೇಶನ್ ತೆರೆದು ನೋಡುತ್ತ ಕೂತ. ಮುಳ್ಳು ಓಡುತ್ತಿತ್ತು. ಗುರುಗಳು ಇದರಲ್ಲಿ ಏನು ಕಂಡಿದ್ದಾರು? ಮುಳ್ಳಿನ ಬಣ್ಣ ಬದಲಿಸಿ ನೋಡಿದ. ಇನ್ನೊಂದು ಗಡಿಯಾರ ಹಾಕಿ ಅದನ್ನೂ ನೋಡಿದ. ಎರಡೂ ಒಂದೇ ಹೊತ್ತು ತೋರಿಸಿದವು. ಅವನಿಗೆ ಅಳು ಬರುವುದೊಂದು ಬಾಕಿ.

ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಪರದೆಯ ಮೂಲೆಯಲ್ಲಿ ಅಪ್ಲಿಕೇಶನ್ ಹುಡುಕುವ ಪೆಟ್ಟಿಗೆಯೊಂದಿತ್ತು. ಹೆಸರು ಬರೆದರೆ ಅದು ಎದ್ದು ಬರುತ್ತಿತ್ತು. ಅಲ್ಲಿಯೇ ಬೀಡುಬಿಟ್ಟ. ಬರೆಯುವ ಅಪ್ಲಿಕೇಶನ್ ಒಂದು ತರುವುದು, ಚೆನ್ನಾಗಿದೆ ಎನ್ನುವುದು, ಇದಕ್ಕಿಂತ ಚೆನ್ನಾಗಿರುವುದು ಇದ್ದರೆ ಎಂದು ಮತ್ತೊಂದು ಹುಡುಕುವುದು. ಎಲ್ಲವೂ ಪುಕ್ಕಟೆ, ಎಲ್ಲವೂ ಒಳ್ಳೆಯವು. ಅದೇ ಅವನನ್ನು ಹಣ್ಣು ಮಾಡಿತು. ಒಂದಾದರೂ ಕೆಟ್ಟದ್ದು ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದ.

ಬಾಳವ್ವ ದಿನಾ ಬಂದು ಕೂತು ಹೋಗುತ್ತಿದ್ದಳು.

ಒಂದು ದಿನ ಅವಳು ಕೇಳಲಿಲ್ಲ. ಕೂತವಳೇ ಹಾಡತೊಡಗಿದಳು.

ನೂಲಿಲ್ಲದ ಸೀರಿ ನೇದಾನ ನೇಕಾರ
ಮೈಯಿಲ್ಲದಾಕಿ ಉಟ್ಟಾಳ
ಕಣ್ಣಿಲ್ಲದಾಂವ ನೋಡಿ ನಕ್ಕಾನ...

ಕಲ್ಲಿನಾಥನ ಕೈ ಮೌಸಿನ ಮೇಲೆಯೇ ನಿಂತಿತು. ಇಂಥ ಪದವೇ ಇವಳೊಳಗೆ ಇರುವುದು?

"ನಕ್ಕಾನ..." ಎಂದು ಬಾಳವ್ವ ಮತ್ತೆ ಅಂದಳು. ಅಂಗೈ ನೋಡಿಕೊಂಡಳು. "ನಕ್ಕಾನ... ಮುಂದ ಏನೋ ಇತ್ತಪಾ."

"ನೆನಪು ಮಾಡ್ಕೋ ಬೇ ಯವ್ವಾ."

"ಭಾಳ ಚೊಲೋ ಇತ್ತು," ಎಂದಳು ಬಾಳವ್ವ. "ಮೊನ್ನಿತನಾ ಇತ್ತು."

ಅವಳು ತುಂಬ ಹೊತ್ತು ತಡಕಾಡಿದಳು. ಆ ಸಾಲು ಬರಲಿಲ್ಲ.

ಕಲ್ಲಿನಾಥ ಹೊಳೆಗೆ ಓಡಿದ. ಅಜ್ಜಾರು ಮೊಣಕಾಲು ನೀರಿನಲ್ಲಿ ನಿಂತು ಪಂಜೆ ಹಿಂಡುತ್ತಿದ್ದರು.

"ಅಜ್ಜಾರ, ಒಂದು ಸಾಲು ಹೋತ್ರಿ. ನನ್ನ ಕಣ್ಣ ಮುಂದ ಹೋತು." ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಉಳಿದದ್ದು?"

"ಉಳಿದದ್ದು ಐತ್ರಿ."

"ಮತ್ತ ಇಲ್ಲಿ ಯಾಕ ಬಂದಿ?"

"ಯಾವುದ್ರಾಗ ಬರೀಬೇಕು ಅಂತ ಇನ್ನೂ ತಿಳೀವಲ್ದರಿ!"

ಅಜ್ಜಾರು ಒದ್ದೆ ಪಂಜೆಯನ್ನು ಹೆಗಲಿಗೆ ಹಾಕಿಕೊಂಡು ನಡೆದರು. ಮಠದೊಳಗೆ ಹೋಗಿ ಕಲ್ಲಿನಾಥನ ಜಾಗದಲ್ಲಿ ತಾವೇ ಕೂತರು. ಬಾಳವ್ವನ ಕಡೆ ತಿರುಗಿ, "ಹಾಡವ್ವ," ಎಂದರು.

ಬಾಳವ್ವ ಹಾಡಿದಳು. ಅಜ್ಜಾರು ಒಂದೇ ಬೆರಳಿನಿಂದ, ಒಂದೊಂದು ಅಕ್ಷರ ಹುಡುಕಿ ಒತ್ತತೊಡಗಿದರು. ಕಲ್ಲಿನಾಥ ಬಗ್ಗಿ ನೋಡಿ ದಂಗಾದ. ಅವರು ಪದವನ್ನು ಬರೆಯುತ್ತಿದ್ದದ್ದು ಅಪ್ಲಿಕೇಶನ್ ಹುಡುಕುವ ಆ ಪೆಟ್ಟಿಗೆಯಲ್ಲಿ. ನೂಲಿಲ್ಲದ ಸೀರಿ ಎಂದು ಮುಗಿಸುವಷ್ಟರಲ್ಲಿ, ಏನೂ ಸಿಗಲಿಲ್ಲ ಎಂದು ಕಂಪ್ಯೂಟರ್ ಉತ್ತರ ಕೊಟ್ಟಿತು. ಅಜ್ಜಾರು ಲೆಕ್ಕಿಸದೆ ಮುಂದಿನ ಅಕ್ಷರ ಹುಡುಕಿದರು.

"ಅಜ್ಜಾರ, ಅದು ಹುಡುಕೋ ಜಾಗಾರಿ! ಅಲ್ಲಿ ಬರದದ್ದು ಏನೂ ಉಳಿಯಂಗಿಲ್ಲ!"

"ಹೌದಾ?" ಎಂದರು ಅಜ್ಜಾರು. "ನೀ ದಿನಾ ಅಲ್ಲೇ ಬರೀತಿದ್ದಿಯಲ್ಲೋ. ನಾ ಅದ ಇರಬೇಕು ಅಂದ್ಕೊಂಡಿದ್ದೆ."

ಅವರು ಚೇಷ್ಟೆ ಮಾಡುತ್ತಿದ್ದಾರೋ, ನಿಜವಾಗಿ ಹಾಗೆ ತಿಳಿದಿದ್ದರೋ, ಕಲ್ಲಿನಾಥನಿಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ. ಬಾಳವ್ವ ಮಾತ್ರ ಹಾಡುತ್ತಲೇ ಇದ್ದಳು, ಅವಳ ಬಾಯಿಂದ ಬಂದದ್ದು ಬಂದ ಹಾಗೇ ಗಾಳಿಗೆ ಹೋಗುತ್ತಿತ್ತು.

"ಸರೀರಿ, ಸರೀರಿ ಅಜ್ಜಾರ!" ಎಂದು ಅವನು ಗುರುಗಳನ್ನೇ ಎಬ್ಬಿಸಿದ. ಹಾಗೆ ಅವನು ಎಂದೂ ಮಾಡಿದವನಲ್ಲ. ಕೈಗೆ ಸಿಕ್ಕ ಅಪ್ಲಿಕೇಶನ್ ತೆರೆದ. ಅದು ಯಾವುದೆಂದು ನೋಡಲಿಲ್ಲ. ಬೆರಳುಗಳು ಓಡಿದವು.

ಒಂದು ಪದ ಮುಗಿಯಿತು, ಇನ್ನೊಂದು ಮುಗಿಯಿತು. ಮತ್ತೊಂದು ಶುರುವಾಗಿ ನಡುವೆ ತೊಡಕಿ ಮುಂದುವರಿಯಿತು. ಬಾಳವ್ವನಿಗೆ ಹುರುಪು ಬಂದಿತ್ತು, ತೊಡೆ ತಟ್ಟುತ್ತ ಹಾಡಿದಳು. ಬಿಸಿಲು ಇಳಿಯುವ ಹೊತ್ತಿಗೆ ಅವಳು ನೇಕಾರನ ಪದಕ್ಕೆ ತಾನಾಗಿಯೇ ಮರಳಿದಳು. ನಕ್ಕಾನ ಎನ್ನುವವರೆಗೆ ಬಂದು, ಅದರ ಮುಂದಿನ ಸಾಲಿನಷ್ಟು ಹೊತ್ತು ಬರೀ ತಾಳ ತಟ್ಟಿ, ಕೆಳಗಿನ ನುಡಿಗೆ ದಾಟಿದಳು.

ಕಲ್ಲಿನಾಥನ ಬೆರಳು ನಿಂತವು. ಏನು ಮಾಡುವುದು? ಹಿಂದಿನ ಸಾಲಿಗೆ ಮುಂದಿನದನ್ನು ಕೂಡಿಸಿಬಿಡುವುದೇ? ತಾನೇ ಒಂದು ಸಾಲು ಕಟ್ಟಿ ಸೇರಿಸುವುದೇ? ಅವನು ಹಿಂದೆ ತಿರುಗಿದ. ಅಜ್ಜಾರು ಬಾಗಿಲಿಗೆ ಒರಗಿ ನಿಂತಿದ್ದರು.

"ಅಜ್ಜಾರ, ಇಲ್ಲಿ ಏನ್ ಬರೀಲ್ರಿ?"

ಅಜ್ಜಾರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಅಷ್ಟು ಜಾಗಾ ಖಾಲಿ ಬಿಡು ತಮ್ಮಾ. ಇಷ್ಟು ದಿನಾ ನೀ ಬರದದ್ದು ಅದೊಂದ."