ಬಡಗಿ ಮಾಡಿಕೊಡದ ಆರನೆಯ ಪೀಠ

ಅಂಗೈಯೊಳಗೆ ಕುಳಿತೂ ಲೋಕವೆಲ್ಲ ನಡೆದಾಡುವ ಶಿವನಿಗೆ ಶರಣು. ಮೈ ಕೊಟ್ಟವನೂ ಅವನೇ, ಮೈಯ ನೋವಿಗೆ ಮದ್ದು ಬಲ್ಲವನೂ ಅವನೇ. ಅವನನ್ನು ನೆನೆದು ಈ ಮಾತು.

"ಬುದ್ಧಿ, ಎಂಥ ಪೀಠದ ಮೇಲೆ ಕೂತರೆ ಬೆನ್ನು ನೋಯುವುದಿಲ್ಲ?"

ಶಿಷ್ಯ ಗುರುಶಾಂತ ಹೀಗೆ ಕೇಳಿದಾಗ ಅವನ ದನಿಯಲ್ಲಿ ಭಕ್ತಿಗಿಂತ ಬೇಸರವೇ ಹೆಚ್ಚಾಗಿತ್ತು. ಮಠದ ಹಳೆಯ ಹೊತ್ತಗೆಗಳನ್ನು ಹೊಸ ಕಾಗದಕ್ಕೆ ಇಳಿಸುವುದು ಅವನ ಕಾಯಕ. ಬೆಳಗಿನ ಪೂಜೆ ಮುಗಿಸಿ ಮೇಜಿನ ಮುಂದೆ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಬರವಣಿಗೆ.

"ಒಂದು ಕಡೆ ಈ ಸೊಂಟ, ಇನ್ನೊಂದು ಕಡೆ ತಾವು" ಎಂದುಬಿಟ್ಟ. "ಗಳಿಗೆಗೊಂದು ಸಲ ಕರೆಯುತ್ತೀರಿ. ಬಿಲ್ವದ ಬುಡಕ್ಕೆ ನೀರು ಹಾಕು. ಹಿತ್ತಲ ಬಾಗಿಲ ಅಗುಳಿ ಹಾಕಿದೆಯೋ ಇಲ್ಲವೋ ನೋಡಿ ಬಾ. ಆ ಅಗುಳಿ ಹಾಕಿಯೇ ಇರುತ್ತದೆ ಬುದ್ಧಿ, ನಾನು ನೋಡಲು ಹೋದ ಒಂದು ಸಲವೂ ತೆರೆದಿದ್ದಿಲ್ಲ! ಒಳ್ಳೆಯ ಪೀಠವೊಂದನ್ನು ಮಾಡಿಸಿಕೊಡಿ, ಯಾರೂ ಕರೆಯದಂತೆ ನೋಡಿಕೊಳ್ಳಿ, ಬರೆಯುತ್ತೇನೆ. ಇಲ್ಲವಾದರೆ ಈ ಕಾಯಕವನ್ನು ಬೇರೆಯವರಿಗೆ ಒಪ್ಪಿಸಿ."

ಗುರುಗಳು ಸಿಟ್ಟಾಗಲಿಲ್ಲ. "ಕೂತುಕೋ, ಒಬ್ಬ ಬಡಗಿಯ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಕೈ ಚೊಕ್ಕ, ಮಾತು ಒರಟು. ಅದೇ ಬೀದಿಯಲ್ಲಿ ಒಬ್ಬ ಲಿಪಿಕಾರ ಇದ್ದ. ಕೂಸುಗಳ ಕಾಯಿಲೆಗೆ ಮದ್ದು ಹೇಳುವ ಒಂದು ಹಳೆಯ ಹೊತ್ತಗೆ ಅವನ ಕೈಗೆ ಬಂದಿತ್ತು. ಸೀಮೆಯಲ್ಲಿ ಅದಕ್ಕೆ ಎರಡನೆಯ ಪ್ರತಿ ಇರಲಿಲ್ಲ. ಹುಳು ಹಿಡಿದು ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಇನ್ನೊಂದು ಮಳೆಗಾಲವನ್ನು ಅದು ತಡೆಯುವಂತಿರಲಿಲ್ಲ. ಯುಗಾದಿ ಕಳೆದಿತ್ತು. ಮಳೆ ಹಿಡಿಯುವುದರೊಳಗೆ ಬರೆದು ಮುಗಿಸಬೇಕು.

ಲಿಪಿಕಾರ ಬಡಗಿಯನ್ನು ಕರೆಸಿ ಬರೆಯುವ ಪೀಠ ಬೇಕೆಂದ. ಬಡಗಿ ಅವನ ಮೊಣಕಾಲಿನ ಎತ್ತರ ಅಳೆದ, ಮೊಣಕೈಯ ಮಟ್ಟ ಅಳೆದ. ಪಾದ ನೆಲಕ್ಕೆ ಊರುವಂತೆ, ಮೊಣಕೈ ಮೇಜಿನ ಸಮಕ್ಕೆ ಬರುವಂತೆ, ಕುತ್ತಿಗೆ ಬಗ್ಗದಂತೆ ಮಾಡಿಕೊಟ್ಟ. ಕೆಲಸ ಮನಸ್ಸಿಗೆ ಒಪ್ಪಿತು. ಕೂಸುಗಳ ಹೊತ್ತಗೆಯಲ್ಲವೇ, ದೇವರ ಕೆಲಸ ಎಂದುಕೊಂಡು ಖುಷಿಯಲ್ಲೇ ಮನೆಗೆ ಹೋದ.

ಎಂಟು ದಿನಕ್ಕೆ ಕರೆ ಬಂತು. ಬೆನ್ನು ನೋವು, ಎರಡು ಬೆರಳು ಎತ್ತರಿಸಬೇಕು. ಎತ್ತರದ ಎರಡನೆಯದನ್ನು ಮಾಡಿಕೊಟ್ಟ. ಮತ್ತೆ ಕರೆ. ಒರಗಲು ಹಲಗೆ ಬೇಕು. ಹಲಗೆ ಇಟ್ಟು ಮೂರನೆಯದನ್ನು ಮಾಡಿದ. ನಾಲ್ಕನೆಯದಕ್ಕೆ ಕೈ ಇಡುವ ತೋಳು ಬಂದವು. ಐದನೆಯದರ ಮೇಲೆ ಹತ್ತಿಯ ಮೆತ್ತೆ ಕೂತಿತು. ಬಡಗಿಯ ಮನೆಯಲ್ಲಿ ಮದುವೆಯ ಮಂಚ, ಕೂಸಿನ ತೊಟ್ಟಿಲು ಎಲ್ಲ ಅರೆಬರೆಯಾಗಿ ಬಿದ್ದಿದ್ದವು. ಲಿಪಿಕಾರನ ಸೊಂಟವೊಂದೇ ಊರಿನ ಕೆಲಸವಾಯಿತು.

ಆರನೆಯ ಸಲ ಕರೆ ಬಂದಾಗ ಬಡಗಿ ಉಳಿಯನ್ನು ನೆಲಕ್ಕೆ ಕುಕ್ಕಿದ. ಆದರೂ ಹೋದ.

ಬಾಗಿಲು ತಟ್ಟಿದ. ಅಗುಳಿ ತಾನಾಗಿ ಸರಿಯಿತು. ಒಳಗೆ ನೋಡಿದರೆ ಲಿಪಿಕಾರ ಕೂತಲ್ಲಿಂದಲೇ ಹಗ್ಗ ಎಳೆಯುತ್ತಿದ್ದಾನೆ. ಹಗ್ಗದ ಇನ್ನೊಂದು ತುದಿ ಅಗುಳಿಗೆ. ಬಲಕ್ಕೆ ಮಸಿಯ ದೊಡ್ಡ ಗಡಿಗೆ. ಎಡಕ್ಕೆ ನೀರಿನ ಹೂಜಿ. ಕಾಗದದ ಕಟ್ಟು, ಎಲೆಅಡಿಕೆಯ ಚೀಲ, ಉಗುಳುವ ಪಾತ್ರೆ, ಎಲ್ಲವೂ ಕೈ ಚಾಚಿದಷ್ಟು ದೂರದಲ್ಲಿ.

"ಹೊತ್ತು ಹಾಳಾಗಬಾರದು ನೋಡಿ ಆಚಾರ್ರೇ, ಅದಕ್ಕೇ ಈ ಏರ್ಪಾಡು" ಎಂದ ಲಿಪಿಕಾರ. ಹೇಳುತ್ತ ಏಳಲು ಹೋದವನು "ಅಯ್ಯೋ ಶಿವನೇ" ಎಂದು ಅರ್ಧಕ್ಕೇ ನಿಂತ. ಸೊಂಟ ನೆಟ್ಟಗಾಗಲಿಲ್ಲ.

ಅಡಿಗೆಮನೆಯಿಂದ ಅವನ ಹೆಂಡತಿ ಹೇಳಿದಳು: "ಆಚಾರ್ರೇ, ಊಟಕ್ಕೂ ಒಂದು ಹಗ್ಗ ಕಟ್ಟಿಕೊಡಿ. ತುತ್ತು ನೇರ ಬಾಯಿಗೇ ಇಳಿಯಲಿ."

ಬಡಗಿ ನಗಲಿಲ್ಲ. "ಎಷ್ಟು ಬರೆದಿರಿ?" ಎಂದು ಕೇಳಿದ.

ಲಿಪಿಕಾರ ತಲೆ ತಗ್ಗಿಸಿದ. ಕಾಲುಭಾಗವೂ ಆಗಿರಲಿಲ್ಲ. ಹೊತ್ತಗೆ ಬರೆದು ಮುಗಿಸಿದವರು ಕಡೆಯ ಹಾಳೆಯಲ್ಲಿ ನಾಲ್ಕು ಸಾಲು ತಮ್ಮ ಮಾತು ಬರೆಯುವುದು ವಾಡಿಕೆ. ತಪ್ಪಿದ್ದರೆ ಕ್ಷಮಿಸಿ, ಇದನ್ನು ಬರೆಯುವಾಗ ಬೆನ್ನು ಬಾಗಿತು, ಕಣ್ಣು ಸೋತಿತು ಎಂದು. ಈ ಪುಣ್ಯಾತ್ಮ ಆ ಕಡೆಯ ಹಾಳೆಯನ್ನು ಮೊದಲೇ ಬರೆದು ಮುಗಿಸಿಟ್ಟಿದ್ದ. ಅದೂ ನಾಲ್ಕು ಸಾಲಲ್ಲ, ನಲವತ್ತು.

ಬಡಗಿಗೆ ಹೇಳಲಾಗದಷ್ಟು ರೇಗಿತು. "ಅಯ್ಯನವರೇ, ನಾನು ಮಾಡಿದ ಮೊದಲನೆಯ ಪೀಠವೇ ಸರಿಯಾಗಿತ್ತು. ಆಮೇಲಿನ ನಾಲ್ಕೂ ನಿಮ್ಮ ಬಾಯಿ ಮುಚ್ಚಿಸಲು ಮಾಡಿದವು. ಬಡಗಿಯ ಮಾತು ಕೇಳಿ. ತೆರೆಯದೆ ಬಿಟ್ಟ ಬಾಗಿಲು ತಿರುಗಣಿಯಲ್ಲಿ ಕಚ್ಚಿಕೊಳ್ಳುತ್ತದೆ. ತೇಗದ ಬಾಗಿಲಾದರೂ ಅಷ್ಟೇ, ಹಲಸಿನದಾದರೂ ಅಷ್ಟೇ. ನಿಮ್ಮ ಸೊಂಟವನ್ನು ನೀವು ತೆರೆಯುವುದೇ ಇಲ್ಲ!"

ಹಾಗೆಂದವನು ಆರನೆಯ ಪೀಠಕ್ಕೆ ಅಳತೆ ತೆಗೆಯಲಿಲ್ಲ. ಹಗ್ಗವನ್ನು ಉಳಿಯಿಂದ ಕತ್ತರಿಸಿದ. ನೀರಿನ ಹೂಜಿಯನ್ನು ಬಾವಿಕಟ್ಟೆಯ ಮೇಲೆ ಇಟ್ಟ. ಮಸಿಯ ಗಡಿಗೆಯನ್ನು ಜಗಲಿಯ ಗೂಡಿಗೆ ಸಾಗಿಸಿ, ಮೇಜಿನ ಮೇಲೆ ಒಂದು ಪುಟ್ಟ ಬಟ್ಟಲನ್ನು ಮಾತ್ರ ಬಿಟ್ಟ. ಮೆತ್ತೆಯ ಪೀಠವನ್ನು ಹೊರಗೆಸೆದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮೊದಲನೆಯದನ್ನು ತಂದು ಹಾಕಿದ.

"ಈ ಬಟ್ಟಲ ಮಸಿ ಎರಡು ಹಾಳೆಗೂ ಸಾಲದಲ್ಲ ಆಚಾರ್ರೇ!" ಎಂದು ಲಿಪಿಕಾರ ಕೂಗಿದ.

"ಸಾಲಬಾರದು" ಎಂದು ಹೇಳಿ ಬಡಗಿ ಹೊರಟೇಹೋದ.

ಲಿಪಿಕಾರ ಬೈದ. ಬೈಯುತ್ತಲೇ ಬರೆದ. ಮಸಿ ತೀರಿತು, ಬೈಯುತ್ತಲೇ ಎದ್ದ. ಜಗಲಿಗೆ ಹೋದ, ಬೆಳಕು ಕಂಡ, ತುಂಬಿಕೊಂಡು ಬಂದ. ಬಾಯಾರಿತು, ಬಾವಿಗೆ ಹೋದ. ಯಾರೋ ಬಾಗಿಲು ತಟ್ಟಿದರು, ಎದ್ದು ತೆಗೆದ. ಹದಿನೈದು ದಿನದಲ್ಲಿ ಬೈಗುಳ ಕಡಿಮೆಯಾಯಿತು. ತಿಂಗಳಿಗೆ ನೋವು ಕಡಿಮೆಯಾಯಿತು. ಮೃಗಶಿರ ಮಳೆಯ ಮೊದಲ ಹನಿ ಬೀಳುವ ಮುನ್ನಾದಿನ ಹೊತ್ತಗೆ ಮುಗಿಯಿತು. ಆ ಮಳೆಗೆ ಹಳೆಯ ಪ್ರತಿ ಮಣ್ಣಾಯಿತು. ಹೊಸದು ಉಳಿಯಿತು. ಎಷ್ಟೋ ಕೂಸುಗಳೂ ಉಳಿದವು.

ಮೊದಲೇ ಬರೆದಿಟ್ಟಿದ್ದ ಕಡೆಯ ಹಾಳೆಯನ್ನು ಲಿಪಿಕಾರ ಹರಿದು ಹಾಕಿ ಬೇರೆ ಬರೆದ. ನಲವತ್ತು ಸಾಲಲ್ಲ, ಎರಡೇ ಸಾಲು. 'ತಪ್ಪುಗಳೆಲ್ಲ ನನ್ನವು. ಓದುವವರು ನನ್ನನ್ನು ಬೈದರೂ ಸರಿಯೇ, ನನ್ನ ಮಸಿಯ ಗಡಿಗೆಯನ್ನು ದೂರ ಇಟ್ಟವನನ್ನು ಹರಸಿ.'

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಗುರುಶಾಂತ ಕಾದ. ಪೀಠದ ಮಾತು ಬರಲಿಲ್ಲ. ಕೇಳೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಗುರುಗಳು ಕಣ್ಣು ಬಿಟ್ಟರು.

"ಗುರುಶಾಂತ, ಹಿತ್ತಲ ಬಾಗಿಲ ಅಗುಳಿ ಹಾಕಿದೆಯೋ ಇಲ್ಲವೋ, ಹೋಗಿ ನೋಡಿ ಬಾ."

ಗುರುಶಾಂತ ಎದ್ದು ಹಿತ್ತಲಿಗೆ ಹೋದ.

ಇದನ್ನು ಕೂತು ಕೇಳಿದವರೆಲ್ಲರ ಬೆನ್ನು ನೆಟ್ಟಗಿರಲಿ, ಹಿಡಿದ ಕಾಯಕ ಕೈಗೂಡಲಿ, ಹೊತ್ತುಹೊತ್ತಿಗೆ ಎಬ್ಬಿಸುವವರೊಬ್ಬರನ್ನು ಶಿವನು ಎಲ್ಲರ ಮನೆಗೂ ಕರುಣಿಸಲಿ.