ಎರಡೂ ಗುರುತು ಅಳಿಸಿದವನು

ರೋಮ್ ನಗರದ ಹೊರಗೆ, ಟೈಬರ್ ನದಿಯ ದಂಡೆಯ ಮನೆಯೊಂದರಲ್ಲಿ ಆಫಿಡಿಯಸ್ ಎಂಬ ವೃದ್ಧ ಗುರು ಕಾನೂನು ಕಲಿಸುತ್ತಿದ್ದ.

ಒಂದು ಮಧ್ಯಾಹ್ನ ಅವನ ಶಿಷ್ಯ ವೇತಿಯಸ್ ನ್ಯಾಯಸಭೆಯಿಂದ ನೇರವಾಗಿ ಬಂದು ಗುರುವಿನ ಎದುರು ಕುಳಿತ. ಆ ವರ್ಷವಷ್ಟೇ ಅವನಿಗೆ ತೀರ್ಪುಗಾರರ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಉಗ್ರಾಣದ ಅಧಿಕಾರಿ ಪ್ರೋಬಸ್ ಸರ್ಕಾರದ ಗೋಧಿ ಕದ್ದನೆಂಬುದು ಅವತ್ತಿನ ಮೊಕದ್ದಮೆ.

“ಪ್ರೋಬಸ್ ಕದ್ದಿದ್ದನೇ?” ಗುರು ಕೇಳಿದ.

“ಇಲ್ಲ ಗುರುಗಳೇ. ಗೋಧಿ ಸಾಗಿಸಿದವನು ಸೆನೆಟರ್ ಮಾರ್ಸಸ್. ಬಾಯಿ ಮುಚ್ಚಿಕೊಂಡಿರಲು ಪ್ರೋಬಸ್ ಒಪ್ಪಲಿಲ್ಲ. ಅದಕ್ಕೇ ಮಾರ್ಸಸ್ ಕಳ್ಳತನವನ್ನು ಅವನ ತಲೆಗೆ ಕಟ್ಟಿದ.”

“ಇದು ನಿನಗೆ ಗೊತ್ತಿತ್ತು.”

“ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.”

ಅಲ್ಲಿನ ಪದ್ಧತಿ ಹೀಗೆ: ಪ್ರತಿ ತೀರ್ಪುಗಾರನಿಗೂ ಮೇಣ ಮೆತ್ತಿದ ಪುಟ್ಟ ಹಲಗೆಯೊಂದನ್ನು ಕೊಡುತ್ತಾರೆ. ಒಂದು ಬದಿಯಲ್ಲಿ ಬಿಡುಗಡೆಯ ಗುರುತು, ಇನ್ನೊಂದು ಬದಿಯಲ್ಲಿ ಶಿಕ್ಷೆಯ ಗುರುತು. ಬೇಡವಾದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ಹಲಗೆಯನ್ನು ಗಡಿಗೆಗೆ ಹಾಕಬೇಕು.

“ನೀನು ಯಾವುದನ್ನು ಅಳಿಸಿದೆ?”

ಹಲಗೆ ಹಿಡಿದ ತನ್ನ ಕೈಯನ್ನೇ ಮಾರ್ಸಸ್ ಎದುರಿಗೇ ನಿಂತು ದಿಟ್ಟಿಸುತ್ತಿದ್ದದ್ದು ವೇತಿಯಸ್‌ಗೆ ನೆನಪಾಯಿತು. ತೀರ್ಪುಗಾರರ ಸಾಲಿನಲ್ಲಿ ಅವನಿಗೆ ಜಾಗ ಕೊಡಿಸಿದವನೇ ಮಾರ್ಸಸ್.

“ಎರಡನ್ನೂ ಅಳಿಸಿಬಿಟ್ಟೆ. ನಿರಪರಾಧಿಗೆ ಶಿಕ್ಷೆ ಕೊಡಲು ಮನಸ್ಸು ಬರಲಿಲ್ಲ. ಬಿಡುಗಡೆ ಕೊಡಲು ಧೈರ್ಯ ಬರಲಿಲ್ಲ. ಆದರೆ ನಾನು ಸುಳ್ಳಂತೂ ಹೇಳಲಿಲ್ಲ, ಗುರುಗಳೇ.”

“ಎಣಿಕೆ ಏನಾಯಿತು?”

“ಶಿಕ್ಷೆಗೆ ಇಪ್ಪತ್ತಾರು. ಬಿಡುಗಡೆಗೆ ಇಪ್ಪತ್ತೈದು.”

“ಸಮ ಬಿದ್ದಿದ್ದರೆ?”

“ಬಿಡುಗಡೆ...” ತನ್ನ ಹಲಗೆಯೊಂದು ಬಿಡುಗಡೆಗೆ ಬಿದ್ದಿದ್ದರೆ ಎಣಿಕೆ ಸಮವಾಗುತ್ತಿತ್ತು ಎಂಬ ಮಾತನ್ನು ವೇತಿಯಸ್ ದಾರಿಯುದ್ದಕ್ಕೂ ಮನಸ್ಸಿನಿಂದ ಆಚೆಗೆ ತಳ್ಳುತ್ತಲೇ ಬಂದಿದ್ದ. ಈಗ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

“ಶಿಕ್ಷೆ ಏನು?”

“ಗಡೀಪಾರು. ಇವತ್ತೇ ಹಡಗು ಹತ್ತಬೇಕು. ದಾರಿಯಲ್ಲಿ ಯಾರೂ ಅವನಿಗೆ ಬೆಂಕಿ ಕೊಡಕೂಡದು, ನೀರು ಕೊಡಕೂಡದು. ಕೊಟ್ಟವನೂ ಅಪರಾಧಿ.”

ಗುರು ಎದ್ದು ಹೋಗಿ ನದಿಯಿಂದ ಒಂದು ತಂಬಿಗೆ ನೀರು ತಂದು ಶಿಷ್ಯನ ಕೈಗಿಟ್ಟ. ವೇತಿಯಸ್‌ಗೆ ಬಾಯಿ ಒಣಗಿತ್ತು. ಅವನು ತಂಬಿಗೆ ಎತ್ತಿದ. ಗುರು ತಡೆದ.

“ಅದು ನಿನಗಲ್ಲ, ಪ್ರೋಬಸ್‌ಗೆ. ಬಂದರಿಗೆ ಹೋಗಲು ಇರುವುದು ಇದೊಂದೇ ದಾರಿ. ಇನ್ನೇನು ಬರುತ್ತಾನೆ.”

ವೇತಿಯಸ್ ತಂಬಿಗೆಯನ್ನು ನೆಲಕ್ಕಿಟ್ಟ. “ಗುರುಗಳೇ, ಮಾರ್ಸಸ್‌ನ ಆಳುಗಳೂ ಹಿಂದೆಯೇ ಬರುತ್ತಾರೆ. ಅಲ್ಲದೆ ಇದು ಕಾನೂನು. ನನಗೆ ಕಾನೂನು ಕಲಿಸಿದವರೇ ನೀವು!”

“ಹೌದು, ಅದಕ್ಕೇ ಒತ್ತಾಯ ಮಾಡುವುದಿಲ್ಲ,” ಎಂದ ಗುರು. “ಬಾಗಿಲಲ್ಲಿ ನಿಂತಿರು. ಅವನು ನೀರು ಕೇಳಿದರೆ ಕೊಡು. ಕೊಡದಿದ್ದರೆ, ಅವನ ಮುಖ ನೋಡಿ, ಕೊಡುವುದಿಲ್ಲ ಅಂತ ಬಾಯಿಬಿಟ್ಟು ಹೇಳು.”